ಕೂರುವ ರಾಕೆಟ್ಟೋ, ಹಾರುವ ರಾಕೆಟ್ಟೋ? ಹಿತ್ತಲಿನ ಆಟಕ್ಕೆ ರಟ್ಟಿನ ರಾಕೆಟ್ ಆರಿಸುವ ಬಗೆ

ಮನೆಗೆ ಹೊಸ ಫ್ರಿಜ್ ಬಂದರೆ ದೊಡ್ಡವರು ಫ್ರಿಜ್ ನೋಡುತ್ತಾರೆ, ಮಕ್ಕಳು ಅದು ಬಂದ ಡಬ್ಬ ನೋಡುತ್ತಾರೆ. ‘ಇದರಲ್ಲಿ ರಾಕೆಟ್ ಮಾಡೋಣ’ ಅನ್ನುವ ಮಾತು ಅವತ್ತೇ ಬರುತ್ತದೆ. ನೀವೂ ಹೂಂ ಅಂದುಬಿಡುತ್ತೀರಿ. ಹೇಗೆ ಮಾಡೋದು ಅಂತ ಹುಡುಕಲು ಕೂತಾಗ ತಲೆನೋವು ಶುರು. ಒಳಗೆ ಕೂರುವ ದೊಡ್ಡ ರಾಕೆಟ್, ಸ್ಟ್ರಾದಲ್ಲಿ ಊದಿ ಹಾರಿಸುವ ಪುಟ್ಟದು, ಕಾಲಲ್ಲಿ ತುಳಿದು ಹಾರಿಸುವುದು, ಅಡುಗೆ ಸೋಡಾದ್ದು, ನೀರು ತುಂಬಿ ಪಂಪ್ ಹೊಡೆಯುವುದು, ಪಟಾಕಿಯಂಥ ಮದ್ದು ಉರಿದು ತಳ್ಳುವ ಮೋಟರ್ ಇರುವುದು. ಎಲ್ಲವನ್ನೂ ‘ಮನೆಯಲ್ಲೇ ಮಾಡುವ ರಟ್ಟಿನ ರಾಕೆಟ್’ ಅಂತಲೇ ಕರೆಯುತ್ತಾರೆ. ಆದರೆ ಇವು ಒಂದೇ ಆಟದ ಸಾಮಾನಲ್ಲ.

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಮಗುವನ್ನೇ ಒಂದು ಮಾತು ಕೇಳಿ: ನಿನಗೆ ರಾಕೆಟ್ಟಿನಲ್ಲಿ ಹೋಗಬೇಕಾ, ಇಲ್ಲಾ ರಾಕೆಟ್ಟನ್ನು ಕಳಿಸಬೇಕಾ? ಹೋಗಬೇಕು ಅನ್ನುವ ಮಗುವಿಗೆ ಸೀಟು ಬೇಕು, ಕಿಟಕಿ ಬೇಕು, ಒತ್ತಲು ಗುಂಡಿಗಳು ಬೇಕು. ಅದು ಹಾರದಿದ್ದರೂ ನಡೆಯುತ್ತದೆ. ಕಳಿಸಬೇಕು ಅನ್ನುವ ಮಗುವಿಗೆ ಚಂದದ ಬಣ್ಣ, ಸ್ಟಿಕರ್ ಯಾವುದೂ ಮುಖ್ಯವಲ್ಲ. ಪಟ್ ಅಂತ ಮೇಲೆ ಹೋಗಬೇಕು, ಅಷ್ಟೇ. ಎರಡು ದಿನ ಕೂತು ಮಾಡಿದ ಚಂದದ ರಾಕೆಟ್ಟು ಮೂಲೆಗೆ ಬೀಳುವುದು ಬಹುತೇಕ ಈ ಎರಡನ್ನು ಕಲಸಿಕೊಂಡಾಗಲೇ.

ಏನೇನು ನೋಡಿ ಆರಿಸಬೇಕು

ಹೋಗೋದೋ ಕಳಿಸೋದೋ ತೀರ್ಮಾನವಾದ ಮೇಲೆ ಜಾಗ ನೋಡಿ. ನಾಲ್ಕು ಹೆಜ್ಜೆ ಅಗಲದ ಹಿತ್ತಲಿಗೂ ದೊಡ್ಡ ಬಯಲಿಗೂ ಒಂದೇ ರಾಕೆಟ್ ಆಗಲ್ಲ. ಮೇಲೆ ವಿದ್ಯುತ್ ತಂತಿ ಇದೆಯಾ, ಪಕ್ಕದ ಮನೆಯ ಗಾಜು ಎಷ್ಟು ಹತ್ತಿರ, ರಾಕೆಟ್ ತಾರಸಿಗೆ ಬಿದ್ದರೆ ತರಲು ಆಗುತ್ತದಾ, ಇಷ್ಟನ್ನು ಒಮ್ಮೆ ನಿಂತು ನೋಡಿಬಿಡಿ.

ಆಮೇಲೆ ವಯಸ್ಸು. ಮಾಡುವುದಕ್ಕೆ ಎಷ್ಟು ವಯಸ್ಸು ಬೇಕು ಅನ್ನುವುದಕ್ಕಿಂತ, ಮಗು ತಾನೇ ಮತ್ತೆ ಮತ್ತೆ ಆಡಬಲ್ಲದಾ ಅನ್ನುವುದು ನನಗೆ ಮುಖ್ಯ. ಪ್ರತಿ ಸಲ ‘ಅಪ್ಪಾ ಬಾ, ಅಮ್ಮಾ ಬಾ’ ಅಂತ ಕರೆಯಬೇಕಾದರೆ ಆ ಆಟದ ಆಯಸ್ಸು ನಿಮ್ಮ ತಾಳ್ಮೆಯಷ್ಟೇ.

ಮಾಡಲು ಎಷ್ಟು ಹೊತ್ತು, ಆಡಲು ಎಷ್ಟು ಹೊತ್ತು ಅನ್ನುವ ಲೆಕ್ಕವೂ ಬೇಕು. ಕೆಲವು ರಾಕೆಟ್ ಹತ್ತು ನಿಮಿಷದಲ್ಲಿ ಆಗುತ್ತವೆ, ಇಡೀ ಸಂಜೆ ಹಾರುತ್ತವೆ. ಕೆಲವಕ್ಕೆ ಇಡೀ ಸಂಜೆ ಬೇಕು, ಹಾರುವುದು ಹತ್ತು ಸೆಕೆಂಡ್. ಹಾಗಂತ ಎರಡನೆಯದು ದಂಡ ಅಂತಲ್ಲ. ಮಾಡುವುದೇ ಆಟ ಅನ್ನುವ ಮಕ್ಕಳೂ ಇರುತ್ತಾರೆ. ಇನ್ನು ಖರ್ಚು. ರಟ್ಟು ಹೆಚ್ಚಾಗಿ ಪುಕ್ಕಟೆ. ದುಡ್ಡು ಹೋಗುವುದು ಟೇಪಿಗೆ, ಬಣ್ಣಕ್ಕೆ, ಪಂಪಿಗೆ. ಕೊನೆಯದು ತೇವ. ನೆನೆದ ರಟ್ಟಿಗೆ ಬಲವೇ ಇರುವುದಿಲ್ಲ, ಒಣಗಿದ ಮೇಲೂ ಮೊದಲಿನ ಗಟ್ಟಿತನ ಬರುವುದಿಲ್ಲ. ಹೊರಗೆ ಬಿಡುವ ರಾಕೆಟ್ಟಾದರೆ ಇದನ್ನು ಮೊದಲೇ ಯೋಚಿಸಬೇಕು.

ಒಳಗೆ ಕೂರುವ ರಾಕೆಟ್

ಎರಡರಿಂದ ಆರು ವರ್ಷದ ಮಕ್ಕಳಿಗೆ ಇದಕ್ಕೆ ಸರಿಸಾಟಿ ಇನ್ನೊಂದಿಲ್ಲ. ಒಬ್ಬರೇ ಆಡಬಹುದು, ಗುಂಪಾಗಿಯೂ ಆಡಬಹುದು. ಇವತ್ತು ರಾಕೆಟ್, ನಾಳೆ ಅಂಗಡಿ, ನಾಡಿದ್ದು ಜೈಲು. ಎಷ್ಟೇ ಚಿಕ್ಕ ಹಿತ್ತಲಾದರೂ ಸಾಕು. ತೊಂದರೆ ಅಂದರೆ ಇಡಲು ಜಾಗ ಬೇಕು, ಮಳೆಗೆ ಆಗಲ್ಲ, ಮತ್ತು ಕತ್ತರಿಸುವ ಕೆಲಸ ಪೂರ್ತಿ ದೊಡ್ಡವರದೇ.

ಡಬ್ಬ ಆರಿಸುವಾಗ ಅಂಚನ್ನು ನೋಡಿ. ಎರಡು ಹಾಳೆಗಳ ನಡುವೆ ಒಂದೇ ಅಲೆ ಪದರ ಇದ್ದರೆ ಅದು 3 ಪ್ಲೈ. ಎರಡು ಅಲೆ ಪದರ ಇದ್ದರೆ 5 ಪ್ಲೈ. 5 ಪ್ಲೈ ಗಟ್ಟಿ, ಮಕ್ಕಳು ಒರಗಿದರೂ ತಡೆಯುತ್ತದೆ. ಆದರೆ ಕತ್ತರಿಸಲು ಕೈ ನೋಯುತ್ತದೆ, ಮಡಿಸಲು ಹಟ ಮಾಡುತ್ತದೆ. ಗೋಡೆಗೆ 5 ಪ್ಲೈ, ಮೂತಿಗೆ 3 ಪ್ಲೈ ಸಿಕ್ಕರೆ ಒಳ್ಳೆಯದು. ಅಲೆಗಳು ಯಾವ ಕಡೆ ಓಡುತ್ತವೆ ಅನ್ನುವುದನ್ನೂ ಗಮನಿಸಿ. ಒಂದರ ಮೇಲೊಂದು ಜೋಡಿಸಿದರೂ ಕುಸಿಯಬಾರದು ಅಂತ ಡಬ್ಬಗಳಲ್ಲಿ ಅಲೆಗಳನ್ನು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಇಟ್ಟಿರುತ್ತಾರೆ. ಅಲೆಯ ಜೊತೆಗೆ ಮಡಿಸಿದರೆ ರಟ್ಟು ಸಲೀಸಾಗಿ ಮಡಿಯುತ್ತದೆ. ಅಡ್ಡಕ್ಕೆ ಮಡಿಸಲು ಹೋದರೆ ಎಲ್ಲೆಲ್ಲೋ ಮುರಿಯುತ್ತದೆ. ಅಡ್ಡ ಮಡಿಕೆ ಬೇಕೇ ಬೇಕು ಅಂದರೆ ಸ್ಕೇಲ್ ಇಟ್ಟು ಚಮಚದ ಹಿಡಿಯಿಂದ ಗಟ್ಟಿಯಾಗಿ ಗೆರೆ ಎಳೆದು ಆಮೇಲೆ ಮಡಿಸಿ. ದೊಡ್ಡ ಡಬ್ಬಗಳ ತಳದಲ್ಲಿ ದಪ್ಪ ಲೋಹದ ಪಿನ್ನುಗಳಿರುತ್ತವೆ. ಮಗುವನ್ನು ಒಳಗೆ ಬಿಡುವ ಮೊದಲು ಅವನ್ನೆಲ್ಲ ಇಕ್ಕಳದಿಂದ ಕಿತ್ತುಹಾಕಿ.

ಇದರಲ್ಲೇ ಎರಡು ದಾರಿ ಇವೆ. ಚೌಕ ರಾಕೆಟ್ ಅಥವಾ ಎಂಟು ಮುಖದ ರಾಕೆಟ್.

ಚೌಕದ್ದು ಸುಲಭ. 60 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ, 180 ಸೆಂ.ಮೀ. ಎತ್ತರದ ಡಬ್ಬ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಸಣ್ಣ ಮಗುವಿಗೆ ಅಷ್ಟು ಎತ್ತರ ಬೇಡ. 120 ಸೆಂ.ಮೀ.ಗೆ ಸುತ್ತ ಕತ್ತರಿಸಿದರೆ ಮೇಲಿನ 60 ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅದು ನಾಲ್ಕು ಮುಖದ ಪಟ್ಟಿ, ಒಂದೊಂದು ಮುಖ 60ಕ್ಕೆ 60. ಪ್ರತಿ ಮುಖದಿಂದ 60 ಸೆಂ.ಮೀ. ತಳ, 60 ಸೆಂ.ಮೀ. ಎತ್ತರದ ಒಂದು ತ್ರಿಕೋನ ತೆಗೆಯಿರಿ. ನಾಲ್ಕನ್ನೂ ಅಂಚಿಗೆ ಅಂಚು ಸೇರಿಸಿ ಟೇಪ್ ಹಾಕಿದರೆ ಸುಮಾರು 52 ಸೆಂ.ಮೀ. ಎತ್ತರದ ಮೂತಿ ಆಯಿತು. ತ್ರಿಕೋನ ತೆಗೆದ ಮೇಲೆ ಪ್ರತಿ ಮುಖದ ಎರಡೂ ಬದಿಯಲ್ಲಿ ಮೂಲೆಮಟ್ಟದ ತ್ರಿಕೋನ ಚೂರು ಉಳಿಯುತ್ತದೆ, ಒಟ್ಟು ಎಂಟು. ಒಂದನ್ನು ಮಗುಚಿ ಇನ್ನೊಂದರ ಮೇಲೆ ಅಂಟಿಸಿ. ಎರಡು ಪಟ್ಟು ದಪ್ಪದ ನಾಲ್ಕು ರೆಕ್ಕೆಗಳು ಸಿದ್ಧ. ಒಂದು ಚೂರೂ ದಂಡವಿಲ್ಲ!

‘ಡಬ್ಬದ ಮೇಲಿನ ಮುಚ್ಚಳವನ್ನೇ ತ್ರಿಕೋನ ಮಾಡಿ ಮೇಲೆತ್ತಿದರೆ ಸಾಕಲ್ವಾ?’ ಅಂತ ಅನಿಸಬಹುದು. ಸಾಕಾಗಲ್ಲ. ಮುಚ್ಚಳದ ಮಡಿಕೆಗಳು ಡಬ್ಬದ ಅರ್ಧ ಅಗಲದಷ್ಟೇ ಇರುತ್ತವೆ. ಅವನ್ನು ತ್ರಿಕೋನ ಮಾಡಿದರೆ ತುದಿಗಳು ನಟ್ಟನಡುವೆ ಮಟ್ಟಸವಾಗಿ ಸೇರುತ್ತವೆ, ಮೇಲೆ ಏಳುವುದಿಲ್ಲ. ತಳದ ಮಡಿಕೆಗಳನ್ನು ಮಾತ್ರ ಕತ್ತರಿಸದೆ ಒಳಕ್ಕೆ ಮಡಿಸಿ ಅಂಟಿಸಿ. ಅದೇ ನೆಲ, ಅದೇ ಗಟ್ಟಿತನ.

ಎಂಟು ಮುಖದ್ದು ನೋಡಲು ನಿಜವಾದ ರಾಕೆಟ್ಟಿನ ಹಾಗೇ ಇರುತ್ತದೆ. ಅದೇ ಡಬ್ಬದ ಪ್ರತಿ ಮುಖವನ್ನು ನಡುವೆ ಉದ್ದಕ್ಕೆ ಮಡಿಸಿದರೆ 30 ಸೆಂ.ಮೀ. ಅಗಲದ ಎಂಟು ಮುಖ ಆಗುತ್ತವೆ. ಒಳಗಿನ ಅಗಲ 60ರಿಂದ ಸುಮಾರು 72 ಸೆಂ.ಮೀ.ಗೆ ಏರುತ್ತದೆ. ಇಬ್ಬರು ಮಕ್ಕಳಿದ್ದರೆ ಆ ಹನ್ನೆರಡು ಸೆಂ.ಮೀ. ದೊಡ್ಡ ವ್ಯತ್ಯಾಸವೇ. ಆದರೆ ತಳ, ಮೇಲಿನ ಮಡಿಕೆ ಎರಡನ್ನೂ ಕತ್ತರಿಸಿ ತೆಗೆಯಬೇಕು. ಆಗ ನೆಲ ಇರುವುದಿಲ್ಲ, ಆಕಾರ ನಿಲ್ಲಲು ಒಳಗೆ ಎಂಟು ಮೂಲೆಯ ಒಂದು ರಟ್ಟಿನ ಬಳೆ ಕೂರಿಸಬೇಕು. ಮೂತಿಗೆ ಇನ್ನೊಂದು ದೊಡ್ಡ ಡಬ್ಬವೇ ಬೇಕು. ಅರ್ಧ ವೃತ್ತವನ್ನು ಸುತ್ತಿ ಕೋನ್ ಮಾಡಿದರೆ ಅದರ ಬಾಯಗಲ ಆ ವೃತ್ತದ ತ್ರಿಜ್ಯದಷ್ಟೇ ಬರುತ್ತದೆ. ಎಂಟು ಮುಖದ ರಾಕೆಟ್ಟು ಮೂಲೆಯಿಂದ ಮೂಲೆಗೆ 78 ಸೆಂ.ಮೀ. ಇರುತ್ತದೆ, ಹಾಗಾಗಿ 80 ಸೆಂ.ಮೀ. ತ್ರಿಜ್ಯದ ಅರ್ಧ ವೃತ್ತ ಬೇಕು. ಜೋಡಿಸಲು ಒಂದೆರಡು ಬೆರಳು ಅಂಚನ್ನೂ ಬಿಟ್ಟುಕೊಳ್ಳಬೇಕು. ಅಷ್ಟು ದೊಡ್ಡ ಒಂದೇ ಹಾಳೆ ಸಿಗದಿದ್ದರೆ ಎರಡು ಕಾಲು ವೃತ್ತ ಕತ್ತರಿಸಿ ಜೋಡಿಸಿ. ದಪ್ಪ ರಟ್ಟು ಸುಮ್ನೆ ಸುತ್ತಿಕೊಳ್ಳುವುದಿಲ್ಲ. ತುದಿಯಿಂದ ಬಾಯಿಯ ಕಡೆಗೆ ಅಲ್ಲಲ್ಲಿ ಗೆರೆ ಒತ್ತಿ ಬಗ್ಗಿಸಬೇಕು.

ನನ್ನ ಮಾತು ಕೇಳುವುದಾದರೆ ಒಂದೇ ಡಬ್ಬ, ಒಂದೇ ಮಧ್ಯಾಹ್ನ ಇರುವವರು ಚೌಕದ್ದೇ ಮಾಡಿ. ಮಗುವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಂಟು ಮುಖ ಬೇಕಾಗಿರುವುದು ಹೆಚ್ಚಾಗಿ ನಮಗೆ, ಫೋಟೋಗೆ.

ಬಾಗಿಲು ಕತ್ತರಿಸುವಾಗ ಒಂದು ಬದಿಯನ್ನು ಅಲೆಯ ಜೊತೆಗೆ ಮಡಿಕೆಯಾಗಿ ಬಿಡಿ, ಅದೇ ತಿರುಗಣೆ. ಆ ಮಡಿಕೆಯ ಎರಡೂ ಕಡೆ ಟೇಪ್ ಹಾಕಿ. ದಿನಕ್ಕೆ ನೂರು ಸಲ ತೆರೆದು ಮುಚ್ಚುವ ಜಾಗ ಅದು, ಮೊದಲು ಹರಿಯುವುದೂ ಅದೇ. ಹೊರಗಿನಿಂದ ಹಾಕುವ ಚಿಲಕ ಬೇಡವೇ ಬೇಡ. ಎರಡು ಕಿಟಕಿಯಾದರೂ ಇರಲಿ, ಬಿಸಿಲಿನಲ್ಲಿ ಒಳಗೆ ಸೆಕೆ ಜಾಸ್ತಿ. ಟೇಪಿನಲ್ಲೂ ಒಂದು ಆಯ್ಕೆ ಇದೆ. ಕಂದು ಪ್ಯಾಕಿಂಗ್ ಟೇಪ್ ಗಟ್ಟಿ, ತೇವ ತಡೆಯುತ್ತದೆ, ಆದರೆ ಅದರ ಮೇಲೆ ನೀರಿನ ಬಣ್ಣ ಕೂರುವುದಿಲ್ಲ. ಕಾಗದದ ಟೇಪಿನ ಮೇಲೆ ಬಣ್ಣ ಹಿಡಿಯುತ್ತದೆ, ಗಟ್ಟಿ ಕಮ್ಮಿ. ಒಳಗಡೆ ಕಂದು, ಹೊರಗಡೆ ಕಾಗದದ್ದು ಹಾಕಿದರೆ ಎರಡೂ ಲಾಭ. ಬಣ್ಣ ತೆಳ್ಳಗೆ ಹಚ್ಚಿ. ನೀರು ಜಾಸ್ತಿಯಾದರೆ ರಟ್ಟು ಒಂದು ಕಡೆಗೆ ಬಾಗಿಬಿಡುತ್ತದೆ.

ನೆಲದ ತೇವ ಹತ್ತದ ಹಾಗೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ರಾತ್ರಿ ಒಳಗಿಡಿ. ಒಳಗಿಡಲು ಜಾಗವಿಲ್ಲದಿದ್ದರೆ ಮೂತಿ, ರೆಕ್ಕೆಗಳನ್ನು ಅಂಟಿಸಬೇಡಿ. ಡಬ್ಬದಲ್ಲಿ ಸೀಳು ಕೊಟ್ಟು ಸಿಕ್ಕಿಸುವ ಹಾಗೆ ಮಾಡಿ. ಹಾಗೆ ಮಾಡುವುದಾದರೆ ತಳವನ್ನೂ ಅಂಟಿಸದೆ ಬರೀ ಟೇಪ್ ಹಾಕಿಡಿ, ಬಿಚ್ಚಿ ಚಪ್ಪಟೆ ಮಾಡಿ ಮಂಚದ ಕೆಳಗೆ ತಳ್ಳಬಹುದು.

ಸ್ಟ್ರಾ ರಾಕೆಟ್

ಈಗ ಕಳಿಸುವ ರಾಕೆಟ್ಟುಗಳಿಗೆ ಬರೋಣ. ಇಲ್ಲಿಂದ ಮುಂದೆ ದಪ್ಪ ರಟ್ಟು ಮರೆತುಬಿಡಿ. ಹಾರುವುದಕ್ಕೆ ತೂಕವೇ ಶತ್ರು. ಬಿಸ್ಕತ್ ಪೊಟ್ಟಣದ ತೆಳು ರಟ್ಟು, ಡ್ರಾಯಿಂಗ್ ಶೀಟ್, ಮಾಮೂಲಿ ಕಾಗದ, ಇಷ್ಟೇ ಬೇಕಾಗುವುದು.

ಸ್ಟ್ರಾ ರಾಕೆಟ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಸ್ಟ್ರಾಗಿಂತ ಚೂರೇ ದಪ್ಪ ಇರುವ ಪೆನ್ಸಿಲ್‌ಗೆ ಕಾಗದದ ಪಟ್ಟಿ ಸುತ್ತಿ, ಅಂಟಿಸಿ, ಹೊರಗೆಳೆಯಿರಿ. ಒಂದು ತುದಿ ಮಡಿಸಿ ಟೇಪ್ ಹಾಕಿ. ಇನ್ನೊಂದು ತುದಿಯ ಹತ್ತಿರ ತೆಳು ರಟ್ಟಿನ ಮೂರು ರೆಕ್ಕೆ. ಸ್ಟ್ರಾ ತೂರಿಸಿ ಫೂ ಅಂದರೆ ಕೆಲವು ಮೀಟರ್ ಹಾರುತ್ತದೆ. ಸುಯ್ ಅಂತ ಸದ್ದು ಬಂದರೆ ಮೂತಿಯಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ.

ನಾಲ್ಕು ವರ್ಷದ ಮೇಲಿನ ಮಕ್ಕಳು ತಾವೇ ಆಡಬಹುದು. ಚಿಕ್ಕ ಹಿತ್ತಲು ಸಾಕು, ಮಳೆ ಬಂದರೆ ಹಜಾರದಲ್ಲೂ ಆದೀತು. ಒದ್ದೆಯಾದರೆ ಇನ್ನೊಂದು ಮಾಡಿಕೊಂಡರಾಯಿತು. ಹತ್ತು ಮಕ್ಕಳು ಸೇರುವ ದಿನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸ್ಟ್ರಾ ಕೊಟ್ಟುಬಿಡಿ. ಕೊರತೆ ಏನು ಅಂದರೆ ಬೇಗ ಬೇಜಾರಾಗುತ್ತದೆ. ಗುರಿ ಇಟ್ಟರೆ ಸ್ವಲ್ಪ ಹೊತ್ತು ಜಾಸ್ತಿ ನಡೆಯುತ್ತದೆ. ನೆಲದ ಮೇಲೆ ಮೂರು ಬಳೆ ಬರೆದು ಒಳಗೆ ಬೀಳಿಸಿ ಅನ್ನಿ. ಎದುರು ನಿಂತವರ ಮುಖಕ್ಕೆ ಊದಬಾರದು ಅನ್ನುವ ಒಂದೇ ನಿಯಮ ಸಾಕು, ಆದರೆ ಅದನ್ನು ಗಟ್ಟಿಯಾಗಿ ಹೇಳಿ.

ತುಳಿದು ಹಾರಿಸುವ ರಾಕೆಟ್

ಹಾರುವುದರಲ್ಲಿ ನನ್ನ ಓಟು ಇದಕ್ಕೇ. ಎರಡು ಲೀಟರ್ ತಂಪು ಪಾನೀಯದ ಖಾಲಿ ಬಾಟಲಿ, ಅರ್ಧ ಇಂಚಿನ ಪಿವಿಸಿ ಪೈಪ್ ಎರಡು ತುಂಡು, ಒಂದು ಮೊಣಕೈ ಜೋಡಣೆ, ಗಟ್ಟಿ ಟೇಪ್. ಪೈಪ್ ಬಾಟಲಿಯ ಬಾಯೊಳಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ, ಸುತ್ತ ಟೇಪ್ ಬಿಗಿಯಬೇಕು. ಬಾಟಲಿ ನೆಲದ ಮೇಲೆ ಮಲಗಿರುತ್ತದೆ, ಪೈಪಿನ ಇನ್ನೊಂದು ತುದಿ ಮೇಲಕ್ಕೆ ನಿಂತಿರುತ್ತದೆ. ಅದು ಬೀಳದ ಹಾಗೆ ಭಾರದ ಹಲಗೆಗೋ ಇಟ್ಟಿಗೆಗೋ ಕಟ್ಟಿ. ಅದರ ಮೇಲೆ ಕಾಗದದ ರಾಕೆಟ್ ಇಟ್ಟು ಬಾಟಲಿಯನ್ನು ಜೋರಾಗಿ ತುಳಿದರೆ ಒಳಗಿನ ಗಾಳಿ ಒಮ್ಮೆಲೇ ನುಗ್ಗಿ ರಾಕೆಟ್ಟನ್ನು ಎಸೆಯುತ್ತದೆ.

ಚೆನ್ನಾಗಿ ಮಾಡಿದ್ದು ಮನೆಯ ಮಾಡು ದಾಟುತ್ತದೆ. 1926ರ ಮಾರ್ಚ್ 16ರಂದು ರಾಬರ್ಟ್ ಗೊಡ್ಡಾರ್ಡ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಚಿಕ್ಕಮ್ಮನ ಹೊಲದಲ್ಲಿ ಹಾರಿಸಿದ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಮೇಲೇರಿದ್ದು ಸುಮಾರು 12.5 ಮೀಟರ್, ಹಾರಿದ್ದು ಎರಡೂವರೆ ಸೆಕೆಂಡ್. ಇಳಿದಿದ್ದು ಎಲೆಕೋಸಿನ ಮಡಿಯಲ್ಲಿ. ನಿಮ್ಮ ಕಾಗದದ ಕೊಳವೆ ಅಷ್ಟು ಎತ್ತರ ಹೋದ ದಿನ ಮಕ್ಕಳಿಗೆ ಇದನ್ನು ಹೇಳಿ ನೋಡಿ.

ಕೊಳವೆ ಮಾಡುವುದರಲ್ಲೇ ಗುಟ್ಟಿದೆ. ಪೈಪಿಗೆ ನೇರವಾಗಿ ಬಿಗಿಯಾಗಿ ಸುತ್ತಿದರೆ ರಾಕೆಟ್ ಸಿಕ್ಕಿಕೊಳ್ಳುತ್ತದೆ. ತೀರಾ ಸಡಿಲ ಮಾಡಿದರೆ ಗಾಳಿಯೆಲ್ಲ ಪಕ್ಕದಿಂದ ಹೋಗುತ್ತದೆ. ಮೊದಲು ಪೈಪಿಗೆ ಒಂದು ಸುತ್ತು ಬೇರೆ ಕಾಗದ ಸುತ್ತಿ, ಅದರ ಮೇಲೆ ರಾಕೆಟ್ಟಿನ ಕಾಗದ ಸುತ್ತಿ ಅಂಟಿಸಿ, ಆಮೇಲೆ ಒಳಗಿನದನ್ನು ಎಳೆದು ತೆಗೆಯಿರಿ. ಬೇಕಾದಷ್ಟೇ ಸಂದು ಉಳಿಯುತ್ತದೆ. ಉದ್ದದ ಜೋಡಣೆಗೆ ಪೂರ್ತಿ ಟೇಪ್ ಹಾಕಿ, ಮೂತಿಗೆ ಎರಡು ಪದರ. ಎಲ್ಲ ಒತ್ತಡ ಬೀಳುವುದು ಅಲ್ಲೇ. ಮೂತಿ ಕಿತ್ತುಹೋದರೆ ಕೊಳವೆ ಪೈಪಿನ ಮೇಲೇ ಉಳಿದು, ಮೂತಿ ಮಾತ್ರ ಹಾರುತ್ತದೆ. ಮಕ್ಕಳಿಗೆ ಅದೂ ಒಂದು ನಗು, ಬಿಡಿ.

ರಾಕೆಟ್ ನೆಟ್ಟಗೆ ಹೋಗದೆ ಪಲ್ಟಿ ಹೊಡೆದರೆ ಮೂತಿ ಹಗುರ, ಬಾಲ ಭಾರ ಅಂತ ತಿಳಿಯಿರಿ. ಬೆರಳ ಮೇಲೆ ಅಡ್ಡ ಇಟ್ಟು ತೂಗಿ ನಿಲ್ಲುವ ಜಾಗ ಹುಡುಕಿ. ಅದು ನಡುವಿಗಿಂತ ಮೂತಿಯ ಕಡೆಗೆ ಇರಬೇಕು. ಇಲ್ಲದಿದ್ದರೆ ಮೂತಿಯೊಳಗೆ ಒಂದು ಚಿಟಿಕೆ ಆಟದ ಜೇಡಿ ಹಾಕಿ, ರೆಕ್ಕೆಗಳನ್ನು ತೀರಾ ಕೆಳಗೆ ಅಂಟಿಸಿ. ತೂಗುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸಿದರೆ ಮೂತಿ ಮುಂದಾಗಿ ಸುತ್ತಬೇಕು. ಹಾಗೆ ಸುತ್ತಿದರೆ ಹಾರುವಾಗಲೂ ನೆಟ್ಟಗಿರುತ್ತದೆ.

ಐದು ವರ್ಷದಿಂದ ಹನ್ನೆರಡರವರೆಗೆ ಎಲ್ಲರಿಗೂ ಹಿಡಿಸುತ್ತದೆ, ದೊಡ್ಡವರಿಗೂ. ಒಮ್ಮೆ ಮಾಡಿಟ್ಟರೆ ಪೈಪ್ ವರ್ಷಗಟ್ಟಲೆ ಬರುತ್ತದೆ, ರಾಕೆಟ್ಟುಗಳನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ತುಳಿದ ಬಾಟಲಿಯನ್ನು ಮತ್ತೆ ಉಬ್ಬಿಸಲು ಪೈಪಿಗೆ ಊದಬೇಕು. ಎಲ್ಲರೂ ಬಾಯಿ ಹಾಕುವುದು ಬೇಡ ಅಂದರೆ ಮುಷ್ಟಿಯನ್ನು ಕೊಳವೆ ಮಾಡಿ ಪೈಪಿನ ಮೇಲಿಟ್ಟು ಅದರ ಮೂಲಕ ಊದಿ. ಬಾಟಲಿ ಬಿರುಕು ಬಿಡುತ್ತದೆ, ಒಂದೆರಡು ಜಾಸ್ತಿ ಇಟ್ಟುಕೊಳ್ಳಿ. ಪೈಪಿನ ಮೇಲೆ ಯಾರೂ ಬಗ್ಗಿರಬಾರದು. ಒಬ್ಬರು ರಾಕೆಟ್ ಇಡುವಾಗ ಇನ್ನೊಬ್ಬರು ತುಳಿಯಬಾರದು. ಮುಖ್ಯ ಎಚ್ಚರಿಕೆ ಇನ್ನೊಂದು: ಇದನ್ನೇ ‘ಸುಧಾರಿಸಿ’ ಪಿವಿಸಿ ಪೈಪಿನೊಳಗೆ ಪಂಪಿನಿಂದ ಗಾಳಿ ತುಂಬಿಡುವ ವಿಡಿಯೋಗಳು ಸಿಗುತ್ತವೆ. ಅದನ್ನು ಮಾಡಬೇಡಿ. ಒತ್ತಡದಲ್ಲಿ ಪಿವಿಸಿ ಒಡೆದರೆ ಚೂಪು ಚೂರುಗಳು ಸಿಡಿಯುತ್ತವೆ. ತುಳಿಯುವುದರಲ್ಲಿ ಆ ಭಯವಿಲ್ಲ, ಗಾಳಿ ಕ್ಷಣ ಮಾತ್ರ ಇದ್ದು ಹೊರಗೆ ಹೋಗುತ್ತದೆ.

ಜಾಗ ಮಾತ್ರ ಸ್ವಲ್ಪ ಬೇಕು. ಚಿಕ್ಕ ಹಿತ್ತಲಲ್ಲಿ ನೇರ ಮೇಲಕ್ಕೆ ಹಾರಿಸಿದರೂ ಗಾಳಿಗೆ ಪಕ್ಕದ ತಾರಸಿ ಸೇರುತ್ತದೆ. ಮೆಲ್ಲಗೆ ತುಳಿಯಿರಿ ಅಂದರೆ ಯಾವ ಮಗು ಕೇಳುತ್ತದೆ?

ಅಡುಗೆ ಸೋಡಾ ರಾಕೆಟ್

ಒಳಗೆ ಒತ್ತಿ ಮುಚ್ಚುವ ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಹೊರಗೆ ತೆಳು ರಟ್ಟಿನ ಮೂತಿ, ರೆಕ್ಕೆ. ಒಳಗೆ ವಿನೆಗರ್, ಟಿಶ್ಯೂ ಕಾಗದದಲ್ಲಿ ಸುತ್ತಿದ ಚಿಟಿಕೆ ಅಡುಗೆ ಸೋಡಾ. ಮುಚ್ಚಿ, ತಲೆಕೆಳಗಿಟ್ಟು, ದೂರ ಓಡಬೇಕು. ಎರಡೂ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟಿ ಮುಚ್ಚಳ ಕಿತ್ತು ರಾಕೆಟ್ ಏಳುತ್ತದೆ. ವಿಜ್ಞಾನ ತೋರಿಸಲು ಚೆಂದ. ಆಟವಾಗಿ ಸುಮಾರು. ಪ್ರತಿ ಸಲ ತೊಳೆದು ತುಂಬಬೇಕು, ರಟ್ಟು ಎರಡೇ ಹಾರಾಟಕ್ಕೆ ನೆನೆಯುತ್ತದೆ, ನೆಲವೆಲ್ಲ ಅಂಟು. ಯಾವಾಗ ಏಳುತ್ತದೆ ಅಂತ ಹೇಳಲಾಗದಿರುವುದೇ ಇದರ ಅಪಾಯ. ಏಳಲೇ ಇಲ್ಲವಲ್ಲ ಅಂತ ಮಗು ಬಗ್ಗಿ ನೋಡುವ ಹೊತ್ತಿಗೇ ಎದ್ದೀತು. ಕಣ್ಣಿಗೆ ಕನ್ನಡಕ ಇರಲಿ, ದೊಡ್ಡವರು ಪಕ್ಕದಲ್ಲೇ ಇರಲಿ. ತಿರುಪು ಮುಚ್ಚಳದ ಬಾಟಲಿಯಲ್ಲಿ, ಗಾಜಿನಲ್ಲಿ ಯಾವತ್ತೂ ಬೇಡ.

ನೀರಿನ ರಾಕೆಟ್

ಇದು ನಿಜಕ್ಕೂ ರೋಮಾಂಚನ. ತಂಪು ಪಾನೀಯದ ಪೆಟ್ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ, ಬಿರಡೆಯ ಮೂಲಕ ಸೈಕಲ್ ಪಂಪಿನಿಂದ ಗಾಳಿ ತುಂಬಬೇಕು. ಗಾಳಿ ನೀರನ್ನು ಹಿಂದಕ್ಕೆ ದೂಡುತ್ತದೆ, ಬಾಟಲಿ ಮುಂದಕ್ಕೆ ಹಾರುತ್ತದೆ. ನೀರಿಗೆ ಗಾಳಿಗಿಂತ ತೂಕ ಜಾಸ್ತಿ ಇರುವುದರಿಂದ ತಳ್ಳುವಿಕೆ ದೊಡ್ಡದು.

ಆದರೆ ರಟ್ಟಿನ ಪಾಲು ಇಲ್ಲಿ ಕಮ್ಮಿ. ರೆಕ್ಕೆ, ಮೂತಿ ಅಷ್ಟೇ. ಅವಕ್ಕೂ ಪೂರ್ತಿ ಪ್ಯಾಕಿಂಗ್ ಟೇಪ್ ಸುತ್ತಬೇಕು, ಇಲ್ಲದಿದ್ದರೆ ಮೊದಲ ಹಾರಾಟಕ್ಕೇ ಮುದ್ದೆ. ಪಂಪ್, ಬಿರಡೆ, ನಿಲ್ಲಿಸುವ ಚೌಕಟ್ಟು ಬೇಕಾದ್ದರಿಂದ ಖರ್ಚೂ ಸ್ವಲ್ಪ ಜಾಸ್ತಿ. ಗ್ಯಾಸ್ ಇರುವ ಪಾನೀಯದ ಬಾಟಲಿ ಮಾತ್ರ ಆಗುತ್ತದೆ, ನೀರಿನ ಬಾಟಲಿಯ ತೆಳು ಪ್ಲಾಸ್ಟಿಕ್ ಬೇಡ. ಗೀರು ಬಿದ್ದದ್ದು, ಬಿಸಿಲಲ್ಲಿ ಒಣಗಿದ್ದು ಬೇಡ. ಒತ್ತಡ ತೋರಿಸುವ ಪಂಪ್ ಇದ್ದರೆ 60 ಪಿಎಸ್‌ಐ ಒಳಗೇ ನಿಲ್ಲಿಸಿ. ಪಂಪ್ ಹೊಡೆಯುವವರೂ ಉದ್ದ ನಳಿಕೆಯಿಟ್ಟು ದೂರ ನಿಲ್ಲಬೇಕು. ಮೈದಾನ ಇರುವವರಿಗೆ, ಎಂಟು ಹತ್ತು ವರ್ಷ ದಾಟಿದ ಮಕ್ಕಳಿಗೆ, ಜೊತೆಗೆ ನಿಲ್ಲಲು ಪುರುಸೊತ್ತಿರುವ ದೊಡ್ಡವರಿಗೆ ಇದು. ಮನೆಗಳ ನಡುವಿನ ಹಿತ್ತಲಿಗೆ ಅಲ್ಲ.

ಮೋಟರ್ ಇರುವ ಮಾದರಿ ರಾಕೆಟ್

ಕಿಟ್‌ಗಳಲ್ಲಿ ಸಿಗುವ ಇವುಗಳ ಮೈಯೂ ರಟ್ಟಿನ ಕೊಳವೆಯೇ. ಅದಕ್ಕೇ ಹುಡುಕುವಾಗ ಪಟ್ಟಿಯಲ್ಲಿ ಬರುತ್ತವೆ. ಹಿತ್ತಲಿಗೆ ಇವು ಬೇಡ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಲ್ಲಿ ‘ಎ’ ದರ್ಜೆಯ ಸಣ್ಣ ಮೋಟರಿಗೇ ಕನಿಷ್ಠ 30 ಮೀಟರ್ ಅಗಲದ ಬಯಲು ಬೇಕು, ‘ಸಿ’ ದರ್ಜೆಗೆ ಸುಮಾರು 120 ಮೀಟರ್. ಅಕ್ಷರ ಒಂದೊಂದು ಮುಂದೆ ಹೋದ ಹಾಗೆ, ಮೋಟರ್ ಉರಿದು ಮುಗಿಯುವಷ್ಟರಲ್ಲಿ ಕೊಡಬಹುದಾದ ಒಟ್ಟು ತಳ್ಳುವಿಕೆಯ ಗರಿಷ್ಠ ಮಿತಿ ಎರಡರಷ್ಟಾಗುತ್ತದೆ. ಎಷ್ಟೋ ಕಡೆ ಅನುಮತಿಯೂ ಬೇಕಾಗುತ್ತದೆ. ಪಟಾಕಿ ಮದ್ದು, ಬೆಂಕಿಕಡ್ಡಿ ತಲೆ ಕೆರೆದು ಮನೆಯಲ್ಲೇ ಮೋಟರ್ ಮಾಡುವುದನ್ನಂತೂ ಯೋಚಿಸಲೂಬೇಡಿ.

ಹಾಗಾದರೆ ಯಾವುದು?

ಮಗುವಿಗೆ ಐದು ತುಂಬಿಲ್ಲ ಅಂದರೆ ಹೆಚ್ಚು ಯೋಚನೆ ಬೇಡ, ಕೂರುವ ಚೌಕ ರಾಕೆಟ್. ದೊಡ್ಡ ಡಬ್ಬ ಸಿಗದಿದ್ದರೆ ಕಾಯುತ್ತಾ ಕೂರಬೇಡಿ. ಟಿವಿ ಡಬ್ಬ, ಫ್ಯಾನ್ ಡಬ್ಬ ಯಾವುದಾದರೂ ತಳ ತೆಗೆದು ಹೆಗಲಿಗೆ ಎರಡು ಪಟ್ಟಿ ಕಟ್ಟಿದರೆ ತೊಟ್ಟುಕೊಂಡು ಓಡುವ ರಾಕೆಟ್ ಆಗುತ್ತದೆ. ಓಡುವ ಮಗುವಿಗೆ ಅದೇ ಮೇಲು, ಇಡಲೂ ಜಾಗ ಕಮ್ಮಿ.

ಐದು ದಾಟಿದೆ, ಹಿತ್ತಲು ಸುಮಾರಾಗಿದೆ, ಪೈಪಿಗೆ ಸ್ವಲ್ಪ ದುಡ್ಡು ಹಾಕಬಹುದು ಅಂದರೆ ತುಳಿಯುವ ರಾಕೆಟ್. ಜಾಗವೂ ಇಲ್ಲ, ಹೊತ್ತೂ ಇಲ್ಲ, ಖರ್ಚೂ ಬೇಡ ಅಂದರೆ ಸ್ಟ್ರಾ. ಶಾಲೆಯಲ್ಲಿ ಅನಿಲದ ಪಾಠ ನಡೆಯುತ್ತಿದ್ದರೆ ಒಂದು ಭಾನುವಾರ ಸೋಡಾ. ನೀರಿನದು ಮೈದಾನ ಸಿಕ್ಕಾಗ.

ಮೂರು ವರ್ಷದ್ದೂ ಒಂಬತ್ತು ವರ್ಷದ್ದೂ ಒಂದೇ ಮನೆಯಲ್ಲಿದ್ದರೆ ಕಷ್ಟ ಜಾಸ್ತಿ. ಚಿಕ್ಕದು ದೊಡ್ಡದರ ಆಟದ ನಡುವೆ ನುಗ್ಗುತ್ತದೆ, ತುಳಿಯುವ ಪೈಪಿನ ಹತ್ತಿರ ಅದು ಒಳ್ಳೆಯದಲ್ಲ. ಆಗ ಎರಡೂ ಮಾಡಿ, ಆದರೆ ಚೌಕ ಡಬ್ಬವನ್ನು ಪೈಪಿನಿಂದ ದೂರ, ಗೋಡೆಯ ಪಕ್ಕ ಇಡಿ. ಅದು ರಾಕೆಟ್ ಕಳಿಸುವ ಕಚೇರಿ. ಚಿಕ್ಕದು ಒಳಗೆ ಕೂತು ಕಿಟಕಿಯಿಂದ ಐದು, ನಾಲ್ಕು, ಮೂರು ಅಂತ ಎಣಿಸಬೇಕು, ಎಣಿಕೆ ಮುಗಿಯದೆ ದೊಡ್ಡದು ತುಳಿಯುವ ಹಾಗಿಲ್ಲ.

ಇಷ್ಟಾದರೂ ತೀರ್ಮಾನವಾಗದಿದ್ದರೆ ಇವತ್ತೇ ಒಂದು ಸ್ಟ್ರಾ ರಾಕೆಟ್ ಮಾಡಿ ಕೈಗೆ ಕೊಡಿ. ಬಿದ್ದ ಕಡೆ ಓಡಿ ಎತ್ತಿಕೊಂಡು ಬಂದು ‘ಇನ್ನೂ ದೂರ’ ಅಂದರೆ ಪೈಪ್ ತನ್ನಿ. ‘ಇದರೊಳಗೆ ಯಾರಿದ್ದಾರೆ, ಅವರು ಊಟಕ್ಕೆ ಏನು ಮಾಡುತ್ತಾರೆ’ ಅಂತ ಕೇಳಿದರೆ ಅಂಗಡಿಯವರ ಹತ್ತಿರ ದೊಡ್ಡ ಡಬ್ಬ ಕೇಳಿಬನ್ನಿ.